ಗನ್ ಮೊದಲೋ, ವಿಚಾರಣೆ ಮೊದಲೋ?

2018ರ ಫೆಬ್ರವರಿ 28. ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಹೈಸ್ಕೂಲಿನಲ್ಲಿ 17 ಜನ ಸತ್ತು ಎರಡು ವಾರ ಆಗಿತ್ತು. ಶ್ವೇತಭವನದಲ್ಲಿ ಟಿವಿ ಕ್ಯಾಮೆರಾಗಳ ಎದುರೇ ಸಂಸದರ ಸಭೆ ನಡೆಯುತ್ತಿತ್ತು. ಉಪಾಧ್ಯಕ್ಷ ಮೈಕ್ ಪೆನ್ಸ್ ಡ್ಯೂ ಪ್ರೋಸೆಸ್, ಅಂದರೆ ನೋಟಿಸ್ ಕೊಟ್ಟು ವಿಚಾರಣೆ ಮಾಡುವ ಕಾನೂನು ಕ್ರಮದ ಬಗ್ಗೆ ಮಾತು ಎತ್ತಿದರು. ಟ್ರಂಪ್ ಬಾಯಿ ಹಾಕಿ, ಮೊದಲು ಗನ್ ತಗೊಳ್ಳಿ, ಡ್ಯೂ ಪ್ರೋಸೆಸ್ ಎಲ್ಲ ಆಮೇಲೆ ಅಂದುಬಿಟ್ಟರು.

ಅಮೆರಿಕದಲ್ಲಿ ರೆಡ್ ಫ್ಲ್ಯಾಗ್ ಕಾನೂನಿನ, ಅಂದರೆ ಅಪಾಯಕಾರಿ ಅನಿಸಿದವರ ಗನ್ ಕೋರ್ಟ್ ಆದೇಶದಿಂದ ಸ್ವಲ್ಪ ಕಾಲ ತೆಗೆದಿಡುವ ಕಾನೂನಿನ ಮಾತು ಬಂದಾಗಲೆಲ್ಲ ಈ ಒಂದು ವಾಕ್ಯ ಎದ್ದು ಬರುತ್ತದೆ. ಗನ್ ಪರ ಇರುವವರು "ನೋಡಿ, ಇದೇ ಅವರ ನಿಜವಾದ ಉದ್ದೇಶ" ಅನ್ನುತ್ತಾರೆ, ಹೇಳಿದ್ದು ತಮ್ಮ ಪಕ್ಷದ ಅಧ್ಯಕ್ಷರೇ ಅನ್ನುವುದು ಆಗ ಮರೆತುಹೋಗಿರುತ್ತದೆ. ಗನ್ ವಿರೋಧಿಗಳು "ಟ್ರಂಪ್ ಕೂಡ ಒಪ್ಪಿದ್ದರಲ್ಲ" ಅನ್ನುತ್ತಾರೆ. ನಾನು ಈ ಕಾನೂನಿನ ಪರ. ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಓದಿ ಬೈಯುವುದು ಬೇಡ. ಆದರೆ ಪರ ಇರುವ ನಮ್ಮವರು ಡ್ಯೂ ಪ್ರೋಸೆಸ್ ಅಂದ ಕೂಡಲೇ ಅದು ಗನ್ ಲಾಬಿಯ ನೆಪ ಅಂತ ಮುಖ ತಿರುಗಿಸುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ನಾನಿರುವುದು ಕೊಲೊರಾಡೋದಲ್ಲಿ. ಇಲ್ಲಿ ಕಾನೂನು 2019ರಲ್ಲಿ ಪಾಸಾಯಿತು, 2020ರ ಜನವರಿ 1ಕ್ಕೆ ಜಾರಿಗೆ ಬಂತು. ಕೆಲಸ ಮಾಡುವ ರೀತಿ ಹೀಗೆ. ಒಬ್ಬ ವ್ಯಕ್ತಿ ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವ ಹಾಗೆ ಕಾಣುತ್ತಿದ್ದಾನೆ, ಅವನ ಕೈಯಲ್ಲಿ ಗನ್ ಇದೆ. ಮನೆಯವರೋ ಪೊಲೀಸರೋ ಪ್ರಮಾಣ ಮಾಡಿ ಅಫಿಡವಿಟ್ ಜೊತೆ ಸಿವಿಲ್ ಕೋರ್ಟಿಗೆ ಅರ್ಜಿ ಹಾಕುತ್ತಾರೆ. 2023ರಲ್ಲಿ ಈ ಪಟ್ಟಿಗೆ ಡಾಕ್ಟರು, ಟೀಚರು, ಸರ್ಕಾರಿ ವಕೀಲರನ್ನೂ ಸೇರಿಸಿದರು. ಜಡ್ಜ್ ಅದೇ ದಿನ ಅಥವಾ ಮಾರನೇ ದಿನ ಅರ್ಜಿದಾರರ ಮಾತು ಮಾತ್ರ ಕೇಳಿ ತಾತ್ಕಾಲಿಕ ಆದೇಶ ಕೊಡಬಹುದು. ಎದುರು ಪಾರ್ಟಿಗೆ ಗೊತ್ತೇ ಇರುವುದಿಲ್ಲ. ಪೊಲೀಸರು ಬಾಗಿಲು ತಟ್ಟಿದಾಗಲೇ ವಿಷಯ ಗೊತ್ತಾಗುವುದು. 14 ದಿನದೊಳಗೆ ಪೂರ್ತಿ ವಿಚಾರಣೆ ಆಗಬೇಕು. ಅಲ್ಲಿ ಸಾಕ್ಷ್ಯ ಗಟ್ಟಿಯಾಗಿದ್ದರೆ 364 ದಿನಗಳವರೆಗೆ ಆದೇಶ. ಇಲ್ಲದಿದ್ದರೆ ಗನ್ ವಾಪಸ್.

ಜೈಲಿಲ್ಲ, ಕ್ರಿಮಿನಲ್ ಕೇಸಿಲ್ಲ. ಗನ್ ಮಾತ್ರ ಸ್ವಲ್ಪ ಕಾಲ ಮನೆಯಿಂದ ಹೊರಗಿರುತ್ತದೆ.

"ಸ್ವಲ್ಪ ಕಾಲ ಅಂತ ನೀನು ಸುಲಭವಾಗಿ ಹೇಳ್ತೀಯ ಮಾರಾಯ," ಅಂದ ಡಲ್ಲಾಸಿನಲ್ಲಿರುವ ನನ್ನ ಗೆಳೆಯ. ಹಾಸನದ ಕಡೆಯವನು, ಸಿಟಿಜನ್ ಆದ ಮೇಲೆ ಎರಡು ಗನ್ ತಗೊಂಡಿದ್ದಾನೆ, ವಾರಾಂತ್ಯಕ್ಕೆ ರೇಂಜಿಗೆ ಹೋಗುತ್ತಾನೆ. "ನಾಳೆ ನನಗಾಗದವರು ಯಾರೋ ಹೋಗಿ ಸುಳ್ಳು ಅಫಿಡವಿಟ್ ಹಾಕಿದರೆ? ನಾನು ಕೋರ್ಟಿನಲ್ಲಿ ಇಲ್ಲ, ನನ್ನ ವಕೀಲ ಇಲ್ಲ, ಆದೇಶ ಮಾತ್ರ ರೆಡಿ. ಇದು ಯಾವ ನ್ಯಾಯ?"

ಅವನ ಪ್ರಶ್ನೆ ನ್ಯಾಯವಾದದ್ದೇ. ಊರಿನಲ್ಲಿ ನಾವಿಬ್ಬರೂ ನೋಡಿದ್ದೇವೆ. ಚುನಾವಣೆ ಘೋಷಣೆ ಆಯಿತು ಅಂದರೆ ತೋಟದವರೆಲ್ಲ ಲೈಸೆನ್ಸ್ ಇರುವ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬರಬೇಕು. ಆಮೇಲೆ ಮಂಗ, ಹಂದಿ ಬಂದು ತೋಟ ಹಾಳು ಮಾಡಿದರೆ ಕೂಗಿ ಓಡಿಸುವುದೇ ಗತಿ. ನೀನು ಅಪಾಯದ ಮನುಷ್ಯನಾ ಅಂತ ಯಾರೂ ಕೇಳುವುದಿಲ್ಲ, ಜಡ್ಜ್ ಮುಂದೆ ಹೋಗುವ ಪ್ರಶ್ನೆಯೇ ಇಲ್ಲ. ಎಲ್ಲರೂ ಗೊಣಗಿಕೊಂಡು ಕೊಟ್ಟು ಬರುತ್ತಾರೆ. ಯಾಕೆಂದರೆ ನಮ್ಮಲ್ಲಿ ಕೋವಿ ಲೈಸೆನ್ಸಿನ ಮೇಲೆ ನಿಂತಿದೆ, ಕೊಡಗಿನವರಿಗೆ ಇರುವ ವಿನಾಯಿತಿ ಬಿಟ್ಟರೆ. ಅಮೆರಿಕದಲ್ಲಿ ಹಾಗಲ್ಲ. ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪಿನ ನಂತರ ಮನೆಯಲ್ಲಿ ಗನ್ ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ವೈಯಕ್ತಿಕ ಹಕ್ಕು. ಆ ಹಕ್ಕು ನಿಮಗೆ ಇಷ್ಟವೋ ಇಲ್ಲವೋ ಬೇರೆ ಮಾತು. ಹಕ್ಕು ಅಂದಮೇಲೆ ಕಿತ್ತುಕೊಳ್ಳುವ ಮುಂಚೆ ಮಾತು ಕೇಳಬೇಕು ಅನ್ನುವುದೂ ಅದರ ಜೊತೆಗೇ ಬರುತ್ತದೆ.

ಹಾಗಂತ ಯಾವಾಗಲೂ ಮುಂಚೆಯೇ ಕೇಳಬೇಕು ಅಂತ ಅಮೆರಿಕದ ಕೋರ್ಟುಗಳೂ ಹೇಳಿಲ್ಲ. 1976ರಲ್ಲಿ ಮ್ಯಾಥ್ಯೂಸ್ ವರ್ಸಸ್ ಎಲ್ಡ್ರಿಜ್ ಅಂತ ಒಂದು ಕೇಸು. ಅಂಗವಿಕಲರ ಪಿಂಚಣಿ ನಿಲ್ಲಿಸುವ ಮುಂಚೆ ಪೂರ್ತಿ ವಿಚಾರಣೆ ಬೇಕೇ ಅನ್ನುವುದು ಪ್ರಶ್ನೆ. ಕೋರ್ಟು ಹೇಳಿದ್ದು ಇಷ್ಟು: ಆ ಮನುಷ್ಯ ಕಳೆದುಕೊಳ್ಳುವುದು ಎಷ್ಟು, ತಪ್ಪಾಗುವ ಸಾಧ್ಯತೆ ಎಷ್ಟು, ಸರ್ಕಾರಕ್ಕೆ ಇರುವ ಅವಸರ ಎಷ್ಟು, ಮೂರನ್ನೂ ತೂಗಿ ನೋಡಿ. ಹೆಂಡತಿ ಮಕ್ಕಳನ್ನು ಹೆದರಿಸುವ ಗಂಡನ ವಿರುದ್ಧ ತುರ್ತು ರಕ್ಷಣಾ ಆದೇಶ ಕೊಡುವುದೂ ಹೀಗೆಯೇ, ಒಂದು ಕಡೆಯ ಮಾತು ಕೇಳಿ, ಆಮೇಲೆ ಬೇಗ ವಿಚಾರಣೆ ಇಟ್ಟು. ನಾಳೆ ಬೆಳಿಗ್ಗೆ ಗುಂಡು ಹಾರಿಸುತ್ತೇನೆ ಅನ್ನುವವನಿಗೆ ಎರಡು ವಾರ ಮುಂಚೆ ನೋಟಿಸ್ ಕಳಿಸಿ ಅಂದರೆ ಯಾರು ಒಪ್ಪುತ್ತಾರೆ?

ಆದರೆ ಪೊಲೀಸರು ಬಾಗಿಲು ತಟ್ಟುವ ಆ ಕ್ಷಣ ಇದೆಯಲ್ಲ, ಅದು ಕಾಗದದ ಮೇಲೆ ಬರೆದಷ್ಟು ಸರಳ ಅಲ್ಲ. ಮೇರಿಲ್ಯಾಂಡಿನಲ್ಲಿ ಕಾನೂನು ಜಾರಿಗೆ ಬಂದಿದ್ದು 2018ರ ಅಕ್ಟೋಬರ್ 1ಕ್ಕೆ. ಒಂದು ತಿಂಗಳು ದಾಟಿತ್ತಷ್ಟೆ, ನವೆಂಬರ್ 5ರ ಬೆಳಗಿನ ಜಾವ ಐದು ಗಂಟೆ ದಾಟಿದ ಹೊತ್ತಿಗೆ, ಇಬ್ಬರು ಪೊಲೀಸರು 60 ದಾಟಿದ ಒಬ್ಬರ ಮನೆಗೆ ಆದೇಶ ತಗೊಂಡು ಹೋದರು. ಅವರು ಗನ್ ಹಿಡಿದೇ ಬಾಗಿಲು ತೆಗೆದರು. ಕೆಳಗಿಟ್ಟರು. ಆದೇಶದ ವಿಷಯ ಕೇಳಿ ಸಿಟ್ಟಾಗಿ ಮತ್ತೆ ಎತ್ತಿಕೊಂಡರು. ಎಳೆದಾಟದಲ್ಲಿ ಗುಂಡು ಹಾರಿತು, ಪೊಲೀಸರು ಅವರನ್ನು ಗುಂಡಿಟ್ಟು ಕೊಂದರು. ಇಂಥ ಹೊತ್ತಿನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಗನ್ ಇರುವ ಮನುಷ್ಯ ಗನ್ ಹಿಡಿದೇ ಬರುತ್ತಾನೆ, ಅದನ್ನು ಊಹಿಸಲು ಟ್ರೇನಿಂಗ್ ಬೇಕೇ ಅನಿಸುತ್ತದೆ. ಬೇಕು ಅಂತ ಕಾಣುತ್ತದೆ. ಟ್ರೇನಿಂಗ್ ಅಂದರೆ ಹಣ. ಫೆಡರಲ್ ಸರ್ಕಾರ ಒಳಗೆ ಬರುವುದು ಇಲ್ಲಿ.

2022ರ ಮೇ ತಿಂಗಳಲ್ಲಿ ಹತ್ತು ದಿನದ ಅಂತರದಲ್ಲಿ ಬಫಲೋ ಅಂಗಡಿಯಲ್ಲಿ 10 ಜನ, ಟೆಕ್ಸಾಸಿನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು ಮತ್ತು ಇಬ್ಬರು ಟೀಚರು ಸತ್ತರು. ಮೂವತ್ತು ವರ್ಷಗಳಿಂದ ಅಲ್ಲಾಡದ ಸೆನೆಟ್ ಆಗ ಸ್ವಲ್ಪ ಅಲ್ಲಾಡಿತು. ಡೆಮಾಕ್ರಾಟ್ ಪಕ್ಷದ ಕ್ರಿಸ್ ಮರ್ಫಿ, ಕಿರ್ಸ್ಟನ್ ಸಿನೆಮಾ ಮತ್ತು ರಿಪಬ್ಲಿಕನ್ ಪಕ್ಷದ ಜಾನ್ ಕಾರ್ನಿನ್, ಥಾಮ್ ಟಿಲ್ಲಿಸ್ ಕೂತು ಗನ್ ಹಿಂಸೆ ತಡೆಯಲು ಒಂದು ಮಸೂದೆ ಮಾಡಿದರು. ಸೆನೆಟ್ಟಿನಲ್ಲಿ 65-33ರಲ್ಲಿ ಪಾಸಾಯಿತು. ಜೂನ್ 25ಕ್ಕೆ ಬೈಡನ್ ಸಹಿ ಹಾಕಿದರು. ಕಾರ್ನಿನ್ ಅವರಿಗೆ ಸಿಕ್ಕಿದ ಬಹುಮಾನ ಅಂದರೆ, ಹ್ಯೂಸ್ಟನ್ನಿನಲ್ಲಿ ನಡೆದ ತಮ್ಮದೇ ಪಕ್ಷದ ಸಮಾವೇಶದಲ್ಲಿ ಅವರು ಮಾತಾಡುವಾಗ ಜನ ಕೂಗಾಡಿದರು. ಅದೂ ಮಸೂದೆ ಪಾಸಾಗುವ ಮುಂಚೆಯೇ.

ಆ ಕಾನೂನಿನಲ್ಲಿ ಐದು ವರ್ಷಕ್ಕೆ 75 ಕೋಟಿ ಡಾಲರ್ ಇಟ್ಟರು, ವರ್ಷಕ್ಕೆ 15 ಕೋಟಿ. ಹೆಸರು ಬರ್ನ್ ಸ್ಟೇಟ್ ಕ್ರೈಸಿಸ್ ಇಂಟರ್‌ವೆನ್ಷನ್ ಪ್ರೋಗ್ರಾಂ. ಯಾವ ರಾಜ್ಯವೂ ರೆಡ್ ಫ್ಲ್ಯಾಗ್ ಕಾನೂನು ಮಾಡಲೇಬೇಕು ಅಂತ ಇಲ್ಲ. ಹಾಗೆ ಹೇಳುವ ಅಧಿಕಾರವೂ ಇಲ್ಲ. ರಾಜ್ಯದ ಅಧಿಕಾರಿಗಳನ್ನು ಫೆಡರಲ್ ಸರ್ಕಾರ ತನ್ನ ಕೆಲಸಕ್ಕೆ ಹಚ್ಚುವಂತಿಲ್ಲ ಅಂತ 1997ರ ಪ್ರಿಂಟ್ಜ್ ಕೇಸಿನಲ್ಲಿ ಕೋರ್ಟು ಹೇಳಿದೆ, ಅದೂ ಗನ್ ಕಾನೂನಿನ ಕೇಸೇ. ಹಣ ಕೊಟ್ಟು ಷರತ್ತು ಹಾಕಬಹುದು ಅಷ್ಟೆ. ಕುಡಿಯುವ ವಯಸ್ಸು ಎಲ್ಲ ಕಡೆ 21 ಆಗಿದ್ದೂ ಹೀಗೇ ಅಲ್ವಾ, ಹೆದ್ದಾರಿ ಹಣದಲ್ಲಿ ಸ್ವಲ್ಪ ಕತ್ತರಿಸುತ್ತೇವೆ ಅಂತ ಹೆದರಿಸಿ.

ಈ ಷರತ್ತುಗಳನ್ನು ನಾನು ಕೂತು ಪೂರ್ತಿ ಓದಿದೆ. ಒಂದು ಪುಟವೂ ಇಲ್ಲ, ಯಾರು ಬೇಕಾದರೂ ಓದಬಹುದು. ರೆಡ್ ಫ್ಲ್ಯಾಗ್ ಕಾರ್ಯಕ್ರಮಕ್ಕೆ ಹಣ ಬೇಕಾದರೆ ನೋಟಿಸ್ ಇರಬೇಕು. ಖುದ್ದಾಗಿ ಹಾಜರಾಗಿ ಮಾತಾಡುವ ವಿಚಾರಣೆ ಇರಬೇಕು. ಪಕ್ಷಪಾತ ಇಲ್ಲದ ಜಡ್ಜ್ ಇರಬೇಕು. ಎದುರಿನವರ ಸಾಕ್ಷ್ಯ ಏನು ಅಂತ ತಿಳಿಯುವ, ತನ್ನ ಸಾಕ್ಷ್ಯ ಕೊಡುವ, ವಿರುದ್ಧ ಸಾಕ್ಷಿ ಹೇಳಿದವರನ್ನು ಪ್ರಶ್ನಿಸುವ ಹಕ್ಕು ಇರಬೇಕು. ಪ್ರಮಾಣ ಮಾಡದೆ ಹೇಳಿದ್ದು, ಅವರಿವರಿಂದ ಕೇಳಿದ್ದು, ಅಸ್ಪಷ್ಟವಾದದ್ದು, ಊಹೆ, ಇವನ್ನು ನಂಬುವಂತಿಲ್ಲ. ಕಾನೂನನ್ನು ದುರುಪಯೋಗ ಮಾಡಿದರೆ ಶಿಕ್ಷೆ ಇರಬೇಕು. ನನ್ನ ಗೆಳೆಯ ಕೇಳಿದ್ದೆಲ್ಲ ಇದರಲ್ಲಿದೆ. ಅವನು ಓದಿರಲಿಲ್ಲ. ಕಾರ್ನಿನ್ ಅವರ ಮೇಲೆ ಕೂಗಾಡಿದವರೂ ಓದಿರಲಾರರು ಅಂತ ನನ್ನ ಅನುಮಾನ.

ಎರಡು ಕಡೆ ಮಾತ್ರ ನಿಂತು ನೋಡಬೇಕು. ಒಂದು, ಈ ಹಕ್ಕುಗಳೆಲ್ಲ "ಸೂಕ್ತ ಹಂತದಲ್ಲಿ" ಇರಬೇಕು ಅಂತ ಬರೆದಿದ್ದಾರೆ. ಈ ಎರಡು ಪದ ಇಲ್ಲದಿದ್ದರೆ ತಾತ್ಕಾಲಿಕ ಆದೇಶವೇ ಸಾಧ್ಯವಿರುತ್ತಿರಲಿಲ್ಲ, ಮುಂಚೆಯೇ ನೋಟಿಸ್, ಮುಂಚೆಯೇ ವಿಚಾರಣೆ ಅಂತ ಆಗುತ್ತಿತ್ತು. ಸೂಕ್ತ ಹಂತ ಯಾವುದು ಅಂತ ಹೇಳದೆ ಬಿಟ್ಟಿದ್ದರಿಂದ ಎರಡೂ ಪಕ್ಷದವರು ಕೈಕುಲುಕಲು ಆಯಿತು. ಆ ಕಡೆಯವರು ಹಕ್ಕು ಉಳಿಸಿದೆವು ಅಂದರು, ಈ ಕಡೆಯವರು ಕಾನೂನು ಉಳಿಸಿದೆವು ಅಂದರು. ಜಾಣತನ. ನನಗೇನೂ ತಕರಾರಿಲ್ಲ.

ತಕರಾರಿರುವುದು ಎರಡನೆಯದರಲ್ಲಿ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಇರಬೇಕು, ಆದರೆ "ಸರ್ಕಾರಕ್ಕೆ ಖರ್ಚಿಲ್ಲದೆ". ಓದಿ ನಗು ಬಂತು. 1963ರ ಗಿಡಿಯನ್ ತೀರ್ಪಿನ ಪ್ರಕಾರ ದುಡ್ಡಿಲ್ಲದವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು, ಆದರೆ ಅದು ಕ್ರಿಮಿನಲ್ ಕೇಸಿಗೆ. ಇದು ಸಿವಿಲ್. ಹಾಗಾಗಿ ದುಡ್ಡಿದ್ದರೆ ವಕೀಲ, ಇಲ್ಲದಿದ್ದರೆ ನಿಮ್ಮ ಪಾಡು ನಿಮಗೆ. ಯೋಚಿಸಿ ನೋಡಿ. ಈ ಆದೇಶ ಬರುವುದು ಎಂಥವರ ಮೇಲೆ? ಕೆಲಸ ಹೋದವನು, ಹೆಂಡತಿ ಬಿಟ್ಟು ಹೋದವನು, ಕುಡಿತಕ್ಕೆ ಬಿದ್ದವನು, ಯುದ್ಧದಿಂದ ಬಂದು ರಾತ್ರಿ ನಿದ್ದೆ ಬರದವನು. ಜೀವನದ ಅತ್ಯಂತ ಕೆಟ್ಟ ವಾರದಲ್ಲಿ ಇರುವ ಮನುಷ್ಯ ಎರಡು ವಾರದಲ್ಲಿ ವಕೀಲರನ್ನು ಹುಡುಕಿ, ಫೀಸು ಕಟ್ಟಿ, ಸಾಕ್ಷಿಗಳನ್ನು ಪ್ರಶ್ನಿಸಬೇಕು. ಎದುರು ಕೂತಿರುವುದು ಎಷ್ಟೋ ಸಲ ಕೌಂಟಿಯ ಸಂಬಳದ ವಕೀಲರು. ಹಕ್ಕುಗಳ ಪಟ್ಟಿ ಎಷ್ಟು ಉದ್ದ ಇದ್ದರೇನು, ಅದನ್ನು ಉಪಯೋಗಿಸಲು ಗೊತ್ತಿರುವ ಒಬ್ಬರು ಪಕ್ಕದಲ್ಲಿ ಇಲ್ಲದಿದ್ದರೆ?

ಕೊಲೊರಾಡೋ ಇದನ್ನು ಬೇರೆ ಥರ ಮಾಡಿದೆ. ವಿಚಾರಣೆಗೆ ಕೋರ್ಟೇ ವಕೀಲರನ್ನು ನೇಮಿಸುತ್ತದೆ, ಖರ್ಚು ರಾಜ್ಯದ್ದು. ಬೇಡ ಅಂದರೆ ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು. ಕಾನೂನು ಬಂದಾಗ ಇಲ್ಲಿ ದೊಡ್ಡ ಗಲಾಟೆ ಆಯಿತು. ವೆಲ್ಡ್ ಕೌಂಟಿಯ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಸ್ಟೀವ್ ರೀಮ್ಸ್, ಇದನ್ನು ಜಾರಿ ಮಾಡುವ ಬದಲು ಜೈಲಿಗೆ ಹೋಗುತ್ತೇನೆ ಅಂದರು. ಡಗ್ಲಸ್ ಕೌಂಟಿಯ ರಿಪಬ್ಲಿಕನ್ ಶೆರಿಫ್ ಟೋನಿ ಸ್ಪರ್ಲಾಕ್ ಬೆಂಬಲಿಸಿದರು, ಯಾಕೆಂದರೆ 2017ರ ಕೊನೆಯ ದಿನ ಅವರ ಡೆಪ್ಯುಟಿ ಜಾಕರಿ ಪ್ಯಾರಿಶ್ ಮಾನಸಿಕವಾಗಿ ಹದಗೆಟ್ಟಿದ್ದ ಒಬ್ಬನ ಗುಂಡಿಗೆ ಸತ್ತಿದ್ದರು. ಕಾನೂನಿಗೆ ಪ್ಯಾರಿಶ್ ಅವರದೇ ಹೆಸರು. ಜಾರಿಯಾದ ಮೊದಲ ತಿಂಗಳಲ್ಲೇ ಎಲ್ಲರೂ ಹೆದರಿದ್ದ ಸುಳ್ಳು ಅರ್ಜಿಯೂ ಬಂತು. ತನ್ನ ಮಗನನ್ನು ಗುಂಡಿಟ್ಟು ಕೊಂದ ಪೊಲೀಸ್ ಅಧಿಕಾರಿಯ ವಿರುದ್ಧ ಒಬ್ಬ ತಾಯಿ, ಆತನಿಗೂ ತನಗೂ ಒಂದು ಮಗು ಇದೆ ಅಂತ ಪ್ರಮಾಣ ಮಾಡಿ ಅರ್ಜಿ ಹಾಕಿದರು, ಮನೆಯವರು ಅಂತ ತೋರಿಸಲು. ವಿಚಾರಣೆಯಲ್ಲಿ ಜಡ್ಜ್ ಅದನ್ನು ತಳ್ಳಿಹಾಕಿದರು, ಆಕೆಯ ಮೇಲೆಯೇ ಸುಳ್ಳು ಪ್ರಮಾಣದ ಕೇಸು ಬಿತ್ತು. ಆ ತಾಯಿಯ ಸಂಕಟ ಬೇರೆ, ಅದು ನನಗೂ ಅರ್ಥವಾಗುತ್ತದೆ. ಆದರೆ ಸುಳ್ಳು ಹೊರಬಿದ್ದಿದ್ದು ವಿಚಾರಣೆ ಇದ್ದದ್ದರಿಂದ.

ಇನ್ನು ಹಣ ಎಲ್ಲಿಗೆ ಹೋಯಿತು? 2023ರ ಫೆಬ್ರವರಿ 14ಕ್ಕೆ, ಪಾರ್ಕ್‌ಲ್ಯಾಂಡಿಗೆ ಐದು ವರ್ಷ ತುಂಬಿದ ದಿನ, ನ್ಯಾಯ ಇಲಾಖೆ ಎರಡು ವರ್ಷದ ಪಾಲು ಸೇರಿಸಿ 20 ಕೋಟಿ ಡಾಲರಿಗೂ ಜಾಸ್ತಿ ಹಣ ಹಂಚಿತು. ರೆಡ್ ಫ್ಲ್ಯಾಗ್ ಕಾನೂನೇ ಇಲ್ಲದ ರಾಜ್ಯಗಳೂ ಪಾಲು ಪಡೆದವು. ಇದು ಕಳ್ಳತನ ಅಲ್ಲ, ಕಾನೂನೇ ಹಾಗಿದೆ. ಡ್ರಗ್ ಕೋರ್ಟ್, ಮಾನಸಿಕ ಆರೋಗ್ಯ ಕೋರ್ಟ್, ಮಾಜಿ ಸೈನಿಕರ ಕೋರ್ಟ್, ಇವಕ್ಕೂ ಖರ್ಚು ಮಾಡಬಹುದು. ರಿಪಬ್ಲಿಕನ್ನರ ಮತ ಸಿಕ್ಕಿದ್ದೇ ಇದರಿಂದ. "ನನ್ನ ತೆರಿಗೆ ಹಣ ಕೊಟ್ಟು ನನ್ನ ಗನ್ ಕಿತ್ಕೊಳ್ಳೋದು" ಅಂತ ಡಲ್ಲಾಸಿನ ಗೆಳೆಯ ಬೈಯುತ್ತಿರುತ್ತಾನೆ, ಆದರೆ ಅವನಿರುವ ಟೆಕ್ಸಾಸಿನಲ್ಲಿ ಅಂಥ ಕಾನೂನು ಬರುವುದಿರಲಿ, 2025ರಲ್ಲಿ ಅದನ್ನೇ ನಿಷೇಧಿಸಿದ್ದಾರೆ. ಒಕ್ಲಹೋಮಾ 2020ರಲ್ಲೇ ನಿಷೇಧಿಸಿತ್ತು, ಇದಕ್ಕಾಗಿ ಬರುವ ಗ್ರ್ಯಾಂಟ್ ಮುಟ್ಟಬಾರದು ಅಂತಲೂ ಬರೆದುಕೊಂಡಿತ್ತು. ಫೆಡರಲ್ ಹಣದ ಆಸೆಗೆ ಬಿದ್ದು ರಾಜ್ಯಗಳು ಸಾಲಾಗಿ ಗನ್ ಕಸಿಯುತ್ತವೆ ಅನ್ನುವ ಭಯ ನಿಜವಾಗಲಿಲ್ಲ.

ನನ್ನ ಚಿಂತೆ ಉಲ್ಟಾ. ಕಾನೂನು ಇರುವ ಕಡೆಯೂ ಎಷ್ಟೋ ಸಲ ಯಾರೂ ಉಪಯೋಗಿಸುವುದಿಲ್ಲ. ನ್ಯೂಯಾರ್ಕಿನಲ್ಲಿ ಕಾನೂನು 2019ರಿಂದ ಇತ್ತು. ಬಫಲೋ ಕೊಲೆಗಾರ ಹತ್ಯೆಯ ಹಿಂದಿನ ವರ್ಷ ಶಾಲೆಯಲ್ಲಿ ಕೊಲೆಯ ಮಾತಾಡಿ ಆಸ್ಪತ್ರೆಗೆ ಹೋಗಿ ಬಂದಿದ್ದ. ಯಾರೂ ಅರ್ಜಿ ಹಾಕಲಿಲ್ಲ. ಇಲಿನಾಯ್ ಹೈಲ್ಯಾಂಡ್ ಪಾರ್ಕಿನಲ್ಲಿ 2022ರ ಜುಲೈ 4ರ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 7 ಜನರನ್ನು ಕೊಂದವನ ಮನೆಯಿಂದ ಪೊಲೀಸರು 2019ರಲ್ಲೇ 16 ಚಾಕು, ಒಂದು ಕಠಾರಿ, ಒಂದು ಕತ್ತಿ ತಗೊಂಡು ಹೋಗಿದ್ದರು. ಅಪ್ಪ ಬಂದು ತನ್ನವೇ ಅಂತ ಬಿಡಿಸಿಕೊಂಡು ಹೋದ. ಅಲ್ಲೂ ಅರ್ಜಿ ಇಲ್ಲ, ಮುಂದೆ ಅದೇ ಅಪ್ಪ ಸಹಿ ಹಾಕಿ ಮಗನಿಗೆ ಗನ್ ಕೊಳ್ಳಲು ಬೇಕಾದ ಕಾರ್ಡ್ ಕೊಡಿಸಿದ. ನಮ್ಮ ಕೊಲೊರಾಡೋ ಸ್ಪ್ರಿಂಗ್ಸಿನ ಕ್ಲಬ್ ಕ್ಯೂ ನೈಟ್‌ಕ್ಲಬ್, 2022ರ ನವೆಂಬರ್, 5 ಸಾವು. ಅಲ್ಲೂ ಅದೇ ಕಥೆ, ಬಾಂಬ್ ಬೆದರಿಕೆಗೆ ಹಿಂದಿನ ವರ್ಷವೇ ಅರೆಸ್ಟ್ ಆಗಿತ್ತು.

ಮೇನ್ ರಾಜ್ಯದ್ದು ಇನ್ನೂ ಬೇಸರ. ಅವರು ರೆಡ್ ಬೇಡ ಅಂತ ಯೆಲ್ಲೋ ಫ್ಲ್ಯಾಗ್ ಕಾನೂನು ಮಾಡಿಕೊಂಡಿದ್ದರು. ಮನೆಯವರು ನೇರ ಕೋರ್ಟಿಗೆ ಹೋಗುವ ಹಾಗಿರಲಿಲ್ಲ. ಪೊಲೀಸರು ಮೊದಲು ಆ ಮನುಷ್ಯನನ್ನು ವಶಕ್ಕೆ ತಗೊಳ್ಳಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು, ಆಮೇಲೆ ಜಡ್ಜ್. ಡ್ಯೂ ಪ್ರೋಸೆಸ್ ದೃಷ್ಟಿಯಿಂದ ಇದಕ್ಕಿಂತ ಗಟ್ಟಿ ಕಾನೂನು ಸಿಗುವುದು ಕಷ್ಟ. 2023ರಲ್ಲಿ ಒಬ್ಬ ಮೀಸಲು ಸೈನಿಕನ ಬಗ್ಗೆ ಮನೆಯವರು ಮೇ ತಿಂಗಳಲ್ಲೇ ಹೇಳಿದರು, ಜೊತೆಗಿದ್ದ ಸೈನಿಕರು ಸೆಪ್ಟೆಂಬರಿನಲ್ಲಿ ಎಚ್ಚರಿಸಿದರು. ಡೆಪ್ಯುಟಿ ಮನೆಗೆ ಹೋದರು, ಅವನು ಬಾಗಿಲು ತೆಗೆಯಲಿಲ್ಲ, ವಾಪಸ್ ಬಂದರು. ಅಕ್ಟೋಬರ್ 25ಕ್ಕೆ ಲೂಯಿಸ್ಟನ್ನಿನಲ್ಲಿ ಅವನ ಗುಂಡಿಗೆ 18 ಜನ ಹೋದರು. ಅವನನ್ನು ವಶಕ್ಕೆ ತಗೊಳ್ಳಲು ಸಾಕಷ್ಟು ಕಾರಣ ಇತ್ತು ಅಂತ ತನಿಖಾ ಆಯೋಗವೇ ಆಮೇಲೆ ಹೇಳಿತು. 2025ರ ನವೆಂಬರಿನಲ್ಲಿ ಮೇನ್ ಮತದಾರರು ಮನೆಯವರೇ ಅರ್ಜಿ ಹಾಕುವ ರೆಡ್ ಫ್ಲ್ಯಾಗ್ ಕಾನೂನಿಗೆ ಮತ ಹಾಕಿದರು. ಬೇಟೆಯಾಡುವವರೇ ತುಂಬಿರುವ ರಾಜ್ಯ ಅದು.

ಈ ದೊಡ್ಡ ಹತ್ಯೆಗಳ ಮಾತು ಆಡುತ್ತಾ ಆಡುತ್ತಾ ಮುಖ್ಯವಾದದ್ದು ಮರೆತುಹೋಗುತ್ತದೆ. 2021ರಲ್ಲಿ ಅಮೆರಿಕದಲ್ಲಿ ಗನ್ನಿನಿಂದ ಸತ್ತವರು 48,830. ಅದರಲ್ಲಿ 26,328 ಆತ್ಮಹತ್ಯೆ. ಕನೆಕ್ಟಿಕಟ್ ಈ ಕಾನೂನನ್ನು ಎಲ್ಲರಿಗಿಂತ ಮೊದಲು, 1999ರಲ್ಲಿ ಮಾಡಿತು. ಅಲ್ಲಿನ 762 ಕೇಸುಗಳನ್ನು ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಮತ್ತು ಜೊತೆಗಾರರು ನೋಡಿ, ಸುಮಾರು 10ರಿಂದ 20 ಸಲ ಗನ್ ತೆಗೆದರೆ ಒಂದು ಆತ್ಮಹತ್ಯೆ ತಪ್ಪುತ್ತದೆ ಅಂತ ಅಂದಾಜು ಮಾಡಿದರು. ಅಂದರೆ ಈ ಕೋರ್ಟುಗಳಿಗೆ ಬರುವ ಬಹಳ ಜನ ಯಾರನ್ನೋ ಕೊಲ್ಲಲು ಹೊರಟವರಲ್ಲ, ಸಾಯಲು ಹೊರಟವರು. ಅಂಥವನನ್ನು ವಕೀಲರಿಲ್ಲದೆ ಆರೋಪಿಯ ಹಾಗೆ ನಿಲ್ಲಿಸಿದರೆ ಮುಂದಿನ ಸಲ ಅವನ ಹೆಂಡತಿ ಫೋನ್ ಎತ್ತುವ ಮುಂಚೆ ಎರಡು ಸಲ ಯೋಚಿಸುತ್ತಾಳೆ.

ಸುಪ್ರೀಂ ಕೋರ್ಟ್ ನೇರವಾಗಿ ಈ ಕಾನೂನಿನ ಬಗ್ಗೆ ತೀರ್ಪು ಕೊಟ್ಟಿಲ್ಲ. 2024ರ ಜೂನಿನಲ್ಲಿ ರಹೀಮಿ ಕೇಸಿನಲ್ಲಿ, ಬೇರೆಯವರ ಜೀವಕ್ಕೆ ಅಪಾಯ ಅಂತ ಕೋರ್ಟು ಕಂಡುಕೊಂಡ ವ್ಯಕ್ತಿಯಿಂದ ತಾತ್ಕಾಲಿಕವಾಗಿ ಗನ್ ದೂರ ಇಡಬಹುದು ಅಂತ 8-1ರಲ್ಲಿ ಹೇಳಿತು. ಗಮನಿಸಿ, "ಕೋರ್ಟು ಕಂಡುಕೊಂಡ". ಅದು ನೋಟಿಸ್, ವಿಚಾರಣೆ ಎರಡೂ ಆಗಿದ್ದ ಕೌಟುಂಬಿಕ ಹಿಂಸೆಯ ಆದೇಶ. ಹಾಗಾಗಿ ರೆಡ್ ಫ್ಲ್ಯಾಗ್ ಕಾನೂನು ಉಳಿಯಬೇಕು ಅನ್ನುವವರಿಗೇ ಗಟ್ಟಿ ವಿಚಾರಣೆ ಜಾಸ್ತಿ ಬೇಕು.

ಆ 75 ಕೋಟಿ ಹೇಗೆ ಖರ್ಚಾಗಬೇಕು ಅಂತ ನನ್ನನ್ನು ಕೇಳಿದರೆ, ಕಾನೂನಿನಲ್ಲಿ ಬೇಡ ಅಂದ ವಕೀಲರ ಫೀಸಿಗೇ ಮೊದಲು ಅನ್ನುತ್ತೇನೆ. ಷರತ್ತು ಹೇಳುವುದು ಸರ್ಕಾರ ವಕೀಲರನ್ನು ಕೊಡಲೇಬೇಕಾಗಿಲ್ಲ ಅಂತ, ರಾಜ್ಯ ಕೊಡಬಾರದು ಅಂತ ಅಲ್ಲ. ಕೊಲೊರಾಡೋ ಕೊಡುತ್ತಿದೆಯಲ್ಲ. ಆಮೇಲೆ, ಬೆಳಗಿನ ಜಾವ ಹೋಗಿ ಬಾಗಿಲು ತಟ್ಟದಿರುವ ಟ್ರೇನಿಂಗ್. ಕೋರ್ಟಿನಲ್ಲಿ ಅರ್ಜಿ ತುಂಬಲು ಸಹಾಯ ಮಾಡುವ ಒಬ್ಬ ನ್ಯಾವಿಗೇಟರ್. ಅವಧಿ ಮುಗಿದ ಮೇಲೆ ಗನ್ ತಕರಾರಿಲ್ಲದೆ ವಾಪಸ್ ಕೊಡುವ ವ್ಯವಸ್ಥೆ, ಇದರ ಬಗ್ಗೆ ನಮ್ಮವರು ಮಾತೇ ಆಡುವುದಿಲ್ಲ. ಈ ಹಣ ತಗೊಳ್ಳುವ ಪ್ರತಿ ರಾಜ್ಯವೂ ಒಂದು ಸಲಹಾ ಮಂಡಳಿ ಮಾಡಿ ಖರ್ಚಿನ ಯೋಜನೆ ಕೊಡಬೇಕು. ಇಲ್ಲಿ ಮತ ಹಾಕುವವರಾಗಿದ್ದರೆ ನಿಮ್ಮ ರಾಜ್ಯದ್ದು ಹುಡುಕಿ ನೋಡಿ, ಅದರಲ್ಲಿ ವಕೀಲರಿಗೆ ಅಂತ ಒಂದು ಸಾಲಾದರೂ ಇದೆಯಾ ಅಂತ. ಗೆಳೆಯನಿಗೂ ಅದನ್ನೇ ಹೇಳಿದೆ. "ನಮ್ಮಲ್ಲಿ ಕಾನೂನೇ ಇಲ್ವಲ್ಲೋ, ನಾನ್ಯಾಕೆ ಹುಡುಕಲಿ" ಅಂದ. ಡ್ರಗ್ ಕೋರ್ಟಿಗೆ ಎಷ್ಟು ಹೋಗಿದೆ ಅಂತಾದರೂ ನೋಡು ಮಾರಾಯ, ನಿನ್ನದೇ ತೆರಿಗೆ ಹಣ ಅಲ್ವಾ ಅಂದೆ.